ಎರಡು ಮೊಳ ರಬ್ಬರು ಕೊಳವೆ

ಯಾವ ಪದಾರ್ಥವನ್ನು ಯಾವ ಪಾತ್ರೆಯಲ್ಲಿಡಬೇಕೆಂಬ ವಿವೇಕವು ನಮ್ಮ ಮನೆಗಳಲ್ಲಿ ಅಡುಗೆಯ ಜೊತೆಯಲ್ಲಿಯೇ ಬೆಳೆದುಬಂದಿದೆ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಯಾರೂ ಹುಳಿ ಕುದಿಸುವುದಿಲ್ಲ. ಮೊಸರನ್ನು ತಾಮ್ರದ ತಂಬಿಗೆಯಲ್ಲಿಡುವುದಿಲ್ಲ. ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿಯೇ ಆಗಬೇಕು. ಪಾತ್ರೆ ಗಟ್ಟಿಯಾಗಿದೆ, ತೂತಿಲ್ಲ, ಚೆನ್ನಾಗಿ ತೊಳೆದಿದೆ ಎಂದಮಾತ್ರಕ್ಕೆ ಅದು ಯೋಗ್ಯವೆನಿಸುವುದಿಲ್ಲ. ಒಳಗಿಡುವ ವಸ್ತುವಿಗೂ ಪಾತ್ರೆಗೂ ಹೊಂದಿಕೆಯಿದೆಯೇ ಎಂಬುದು ಮೊದಲನೆಯ ಪ್ರಶ್ನೆ. ಆದರೆ ಈ ವಿವೇಕವು ಅಡುಗೆಮನೆಯ ಹೊಸ್ತಿಲನ್ನು ದಾಟಿ ಮೋಟಾರು ಗಾಡಿಯವರೆಗೆ ಬರುವುದು ಅಪರೂಪ. ಗಾಡಿಯಲ್ಲಿಯೂ ಪೆಟ್ರೋಲಿದೆ, ನೀರಿದೆ, ಎರಡು ಮೂರು ಬಗೆಯ ಎಣ್ಣೆಗಳಿವೆ. ಅವನ್ನು ಹೊತ್ತೊಯ್ಯುವ ರಬ್ಬರು ಕೊಳವೆಗಳಿವೆ. ಕೊಳವೆಗಳೆಲ್ಲವೂ ಕಪ್ಪು, ಎಲ್ಲವೂ ಬೆರಳಿನಷ್ಟು ದಪ್ಪ. ನೋಡುವವರ ಕಣ್ಣಿಗೆ ಒಂದೇ ತಾಯಿಯ ಮಕ್ಕಳು. ಅವುಗಳಲ್ಲಿ ಎಲ್ಲಕ್ಕಿಂತಲೂ ಅಲ್ಪವೆಂದು ತೋರುವ ಒಂದನ್ನು ಕುರಿತು ಇಲ್ಲಿ ಬರೆಯಬೇಕೆಂದಿದ್ದೇನೆ. ಅದು ಬ್ರೇಕಿನ ಎಣ್ಣೆಯ ಡಬ್ಬಿಯಿಂದ ಬ್ರೇಕಿನ ಸಿಲಿಂಡರಿಗೆ ಇಳಿದುಬರುವ ಕೊಳವೆ.

ನಾನು ವಾಸವಾಗಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಈ ದೇಶದವರಿಗೆ ಒಂದು ವಿಚಿತ್ರವಾದ ಹವ್ಯಾಸವುಂಟು. ಸಿದ್ಧವಾದ ಕಾರನ್ನು ಕೊಳ್ಳದೆ, ಅದರ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿಕೊಂಡು, ರಜೆಯ ದಿನಗಳಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿಯೇ ಕೂಡಿಸುತ್ತಾರೆ. ಇದಕ್ಕೆ ಕಿಟ್ ಕಾರು ಎಂದು ಹೆಸರು. ಹವ್ಯಾಸದ ಬೇರು ಮಾತ್ರ ಸುಂಕದಲ್ಲಿದೆ. ಪೂರ್ಣವಾಗಿ ತಯಾರಾದ ಕಾರಿನ ಮೇಲೆ ಆಗ ಇದ್ದ ಖರೀದಿ ತೆರಿಗೆಯು ಬಿಡಿಭಾಗಗಳಾಗಿ ಮಾರಿದ ಕಾರಿಗೆ ತಗಲುತ್ತಿರಲಿಲ್ಲ. ಕಾಲಿನ್ ಚಾಪ್‌ಮನ್ ಎಂಬಾತನ ಲೋಟಸ್ ಸಂಸ್ಥೆಯು ೧೯೫೭ರಲ್ಲಿ ಹೊರತಂದ 'ಸೆವೆನ್' ಎಂಬ ಎರಡಾಳಿನ ಪುಟ್ಟ ಗಾಡಿಯನ್ನು ಹೀಗೆ ಎಷ್ಟೋ ಮಂದಿ ಮನೆಯಲ್ಲಿಯೇ ಕೂಡಿಸಿಕೊಂಡರು. ಕೂಡಿಸುವ ಕ್ರಮವನ್ನು ಬರೆದುಕೊಟ್ಟರೆ ತೆರಿಗೆ ಬೀಳುವುದೆಂದು, ಬಿಚ್ಚುವ ಕ್ರಮವನ್ನು ಬರೆದುಕೊಡುತ್ತಿದ್ದರಂತೆ. ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುತ್ತಿದ್ದರೆಂದು ಹೇಳುವುದುಂಟು. ೧೯೭೩ರಲ್ಲಿ ಆ ತೆರಿಗೆಯೇ ಹೋಗಿ ಬೇರೊಂದು ತೆರಿಗೆ ಬಂದಿತು. ಸೆವೆನ್ ಗಾಡಿಯ ಹಕ್ಕೂ ಅದೇ ವರ್ಷ ಕೇಟರ್‌ಹ್ಯಾಮ್ ಎಂಬ ಸಂಸ್ಥೆಯ ಕೈ ಸೇರಿತು. ಲಾಭ ಹೋದರೂ ಹವ್ಯಾಸ ಉಳಿಯಿತು.

ಅಂಥದೊಂದು ಗಾಡಿಯನ್ನು ನಾನೂ ನನ್ನ ಮಗಳೂ ಕೂಡಿಸಲು ಹೊರಟೆವು. ಅವಳು ಸೆಪ್ಟೆಂಬರಿನಲ್ಲಿ ಕಾಲೇಜಿಗೆಂದು ಬೇರೆ ಊರಿಗೆ ಹೊರಡತಕ್ಕವಳು. ಅದಕ್ಕೆ ಮೊದಲು ಗಾಡಿ ರಸ್ತೆಗೆ ಇಳಿಯಬೇಕೆಂಬುದು ನಮ್ಮಿಬ್ಬರ ಸಂಕಲ್ಪ. ಮನೆಯಾಕೆ ಬೇಡವೆನ್ನಲಿಲ್ಲ. ಆದರೆ ಒಂದು ಷರತ್ತನ್ನು ವಿಧಿಸಿದಳು. "ಓಡುವುದೋ ಇಲ್ಲವೋ ಅದು ನಿಮ್ಮ ಸಮಾಚಾರ. ನಿಲ್ಲುತ್ತದೆಯೇ ಎಂಬುದನ್ನು ಮೊದಲು ನಾನು ಕುಳಿತು ನೋಡಬೇಕು. ಅಲ್ಲಿಯವರೆಗೆ ಮಗು ಅದರಲ್ಲಿ ಕೂರಕೂಡದು" ಎಂದಳು. ಹದಿನೆಂಟು ತುಂಬಿದ 'ಮಗು' ಮುಖ ಸಿಂಡರಿಸಿತು. ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಕ್ಕಲಿಲ್ಲ.

ಬ್ರೇಕು ಕೆಲಸ ಮಾಡುವ ರೀತಿ ಬಲು ಸರಳವಾದುದು. ಓಕುಳಿಯಾಡುವ ಪಿಚಕಾರಿಯನ್ನು ನೆನೆದುಕೊಳ್ಳಿರಿ. ಕಾಲಿನಿಂದ ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರೆಂಬ ಪಿಚಕಾರಿಯೊಳಗಿನ ಎಣ್ಣೆಯು ಉಕ್ಕಿನ ಸಣ್ಣ ನಳಿಗೆಗಳ ಮೂಲಕ ಚಕ್ರಗಳ ಬಳಿಗೆ ನುಗ್ಗಿ, ಅಲ್ಲಿರುವ ದಿಮ್ಮಿಗಳನ್ನು ತಿರುಗುವ ತಟ್ಟೆಗೆ ಒತ್ತುತ್ತದೆ. ಎಣ್ಣೆ ಕುಗ್ಗದ ವಸ್ತುವಾದುದರಿಂದ ಒತ್ತಿದ ಒತ್ತಡವೆಲ್ಲ ಅತ್ತ ಹೋಗಿ ಮುಟ್ಟುತ್ತದೆ. ಗಾಳಿ ಸೇರಿಕೊಂಡರೆ ಹಾಗಲ್ಲ. ಗಾಳಿ ಕುಗ್ಗುತ್ತದೆ, ಪೆಡಲು ಹತ್ತಿಯ ದಿಂಬನ್ನು ತುಳಿದಂತೆ ಆಗುತ್ತದೆ, ಗಾಡಿ ನಿಲ್ಲುವುದಿಲ್ಲ. ಈ ಪಿಚಕಾರಿಗೆ ಮೇಲಿನಿಂದ ಎಣ್ಣೆಯನ್ನು ಒದಗಿಸುವುದಕ್ಕೆ ಒಂದು ಡಬ್ಬಿ ಇರುತ್ತದೆ. ಅಂಗಡಿಯಿಂದ ತಂದ ಸಾಧಾರಣ ಕಾರಿನಲ್ಲಿ ಆ ಡಬ್ಬಿಯು ಸಿಲಿಂಡರಿನ ತಲೆಯ ಮೇಲೆಯೇ ಕುಳಿತಿರುವುದೇ ಹೆಚ್ಚು. ಕೊಳವೆಯ ಮಾತೇ ಬರುವುದಿಲ್ಲ. ಕಿಟ್ ಕಾರಿನಲ್ಲಿಯಾದರೋ ಪೆಡಲುಗಳು ಕಿರಿದಾದ ಗೂಡಿನೊಳಗೆ ತೂಗಾಡುತ್ತವೆ. ಸಿಲಿಂಡರುಗಳ ತಲೆಯ ಮೇಲೆ ಡಬ್ಬಿಗೆ ಎಡೆಯಿರುವುದಿಲ್ಲ. ಆದುದರಿಂದ ಡಬ್ಬಿಯನ್ನು ದೂರದಲ್ಲಿ, ಕೈಗೆ ಎಟಕುವ ಕಡೆ ನಿಲ್ಲಿಸಿ, ಅಲ್ಲಿಂದ ರಬ್ಬರು ಕೊಳವೆಯನ್ನು ಇಳಿಸಬೇಕಾಗುತ್ತದೆ. ಮುಂದಿನ ಚಕ್ರಗಳಿಗೊಂದು ಸಿಲಿಂಡರು, ಹಿಂದಿನವಕ್ಕೊಂದು; ಒಂದು ಕೆಟ್ಟರೆ ಇನ್ನೊಂದಾದರೂ ಗಾಡಿಯನ್ನು ನಿಲ್ಲಿಸಲೆಂದು ಈ ಏರ್ಪಾಡು. ಆದುದರಿಂದ ಡಬ್ಬಿಯೂ ಎರಡಿರಬೇಕು, ಇಲ್ಲವೆ ಒಂದೇ ಡಬ್ಬಿಗೆ ನಡುವೆ ಗೋಡೆಯಿರಬೇಕು, ಕೊಳವೆಯೂ ಎರಡು. ಒಂದೇ ಕೊಳವೆಯನ್ನು ಇಳಿಸಿ ಕವಲೊಡೆದು ಎರಡಕ್ಕೂ ಕೊಡುವವರಿದ್ದಾರೆ. ಎರಡು ಬಾವಿ ತೋಡಿಸಿ ಎರಡಕ್ಕೂ ಒಂದೇ ಹಗ್ಗ ಇಟ್ಟುಕೊಂಡಂತೆ ಅದು.

ನಮ್ಮ ಕಡೆಯ ಓದುಗರು ಇದು ಸೀಮೆಯ ಸಂಗತಿಯೆಂದು ಹಾಳೆಯನ್ನು ಮಗುಚಬೇಕಾಗಿಲ್ಲ. ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕುಳ್ಳ ಮೋಟಾರು ಸೈಕಲ್ ನಿಂತಿದ್ದರೆ ಬಲಗಾಲನ್ನಿಡುವ ಕಡೆ ಬಗ್ಗಿ ನೋಡಿರಿ. ಬಹುಮಟ್ಟಿನ ಗಾಡಿಗಳಲ್ಲಿ ಅಲ್ಲೊಂದು ಪುಟ್ಟ ಡಬ್ಬಿಯೂ ಅದರಿಂದ ಇಳಿಯುವ ಗೇಣುದ್ದದ ಕೊಳವೆಯೂ ಕಾಣುತ್ತವೆ. ನಾನು ಹೇಳುತ್ತಿರುವುದು ಅದನ್ನೇ.

ಈ ಕೊಳವೆಯನ್ನು ಜನ ಅಲಕ್ಷ್ಯ ಮಾಡುವುದಕ್ಕೆ ಕಾರಣವಿಲ್ಲದೆ ಇಲ್ಲ. ಸಿಲಿಂಡರಿನಿಂದ ಚಕ್ರದ ಕಡೆಗೆ ಹೋಗುವ ನಳಿಗೆಯಲ್ಲಿ, ಕಾಲನ್ನು ಬಲವಾಗಿ ಒತ್ತಿದಾಗ, ಚದರ ಅಂಗುಲಕ್ಕೆ ಸಾವಿರ ಪೌಂಡಿನಷ್ಟು ಒತ್ತಡ ಹುಟ್ಟಬಹುದು. ಅದನ್ನು ಆರಿಸುವಾಗ ಎಲ್ಲರೂ ಭಯಭಕ್ತಿಯಿಂದ ಇರುತ್ತಾರೆ. ಡಬ್ಬಿಯಿಂದ ಇಳಿಯುವ ಕೊಳವೆಯಲ್ಲಿ ಇರುವುದು ಗೇಣೆತ್ತರದ ಎಣ್ಣೆಯ ಭಾರ ಮಾತ್ರ. ಹೂವಿನ ಗಿಡಕ್ಕೆ ನೀರುಣಿಸುವ ಕೊಳವೆಯಲ್ಲಿ ಇದಕ್ಕಿಂತ ಹೆಚ್ಚಿನ ರಭಸವಿರುತ್ತದೆ. ಅಂದಮೇಲೆ ಯಾವ ಕೊಳವೆಯಾದರೇನು ಎಂಬುದು ಸಹಜವಾದ ತರ್ಕ.

ಆದರೆ ಅದರ ಹೊಣೆ ಒತ್ತಡದಲ್ಲಿಲ್ಲ, ಹೋಗಿಬರುವುದರಲ್ಲಿದೆ. ಚಕ್ರದ ದಿಮ್ಮಿಗಳು ದಿನದಿನಕ್ಕೆ ಸವೆಯುತ್ತವೆ. ಸವೆದಷ್ಟು ಜಾಗವನ್ನು ತುಂಬಲು ಡಬ್ಬಿಯಿಂದ ಎಣ್ಣೆ ಇಳಿದುಬರಬೇಕು. ಬೆಟ್ಟದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಎಣ್ಣೆ ಹಿಗ್ಗುತ್ತದೆ. ಹಿಗ್ಗಿದ್ದು ಕಾಲು ತೆಗೆದೊಡನೆ ಸಿಲಿಂಡರಿನಲ್ಲಿರುವ ಸೂಜಿಯ ಮೊನೆಯಷ್ಟು ತೂತಿನ ಮೂಲಕ ಹಿಂದಕ್ಕೆ ಡಬ್ಬಿಗೆ ಹೋಗಬೇಕು. ಹೋಗಲು ದಾರಿಯಿಲ್ಲದಿದ್ದರೆ ಬ್ರೇಕು ತನ್ನಷ್ಟಕ್ಕೆ ತಾನೇ ಹಿಡಿದುಕೊಂಡು ಮತ್ತಷ್ಟು ಕಾಯುತ್ತದೆ. ಕೊಳವೆ ಎಲ್ಲಿಯೋ ಮಡಿಸಿಕೊಂಡಿದ್ದರೆ, ಅಥವಾ ಒಳಗಿನ ರಬ್ಬರು ಕರಗಿ ಅದರ ಚೂರು ಆ ಸಣ್ಣ ತೂತಿಗೆ ಅಡ್ಡ ನಿಂತರೆ, ಮೊದಲನೆಯ ದಿನ ಏನೂ ತಿಳಿಯುವುದಿಲ್ಲ. ಸಿಲಿಂಡರು ಆಗಲೇ ತುಂಬಿರುವುದರಿಂದ ಬ್ರೇಕು ಚೆನ್ನಾಗಿಯೇ ಹಿಡಿಯುತ್ತದೆ. ಎರಡನೆಯ ದಿನವೂ ಹಿಡಿಯುತ್ತದೆ. ನಳಿಗೆ ಒಡೆದರೆ ಆ ಕ್ಷಣದಲ್ಲಿಯೇ ಗೊತ್ತಾಗುತ್ತದೆ. ಕೊಳವೆಯ ದೋಷವು ತಿಂಗಳುಗಟ್ಟಲೆ ಮೌನವಾಗಿದ್ದು, ನಾವು ನಂಬಿಕೆಯಿಂದ ಕುಳಿತಿರುವಾಗ ಹೊರಗೆ ಬೀಳುತ್ತದೆ. ಆಗ ಪಕ್ಕದ ಆಸನದಲ್ಲಿ ಯಾರಿರುವರೋ ಹೇಳುವಂತಿಲ್ಲ.

ಈಗ ಕೊಳವೆಯ ಆಯ್ಕೆಗೆ ಬರೋಣ. ಅದಕ್ಕೆ ಮೊದಲು ಎಣ್ಣೆಯ ಕುಲಗೋತ್ರವನ್ನು ಸ್ವಲ್ಪ ವಿಚಾರಿಸಬೇಕು. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಿಗೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ೧೯೧೭ರಲ್ಲಿ ಹಕ್ಕುಪತ್ರ ಪಡೆದ. ೧೯೨೧ರಲ್ಲಿ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಅಂಥ ಬ್ರೇಕು ಬಂದಿತು. ಹಿಂದಿನ ಕಾಲದಲ್ಲಿ ಅದರೊಳಗೆ ತುಂಬುತ್ತಿದ್ದುದು ಏನೆಂದು ತಿಳಿದರೆ ನಮ್ಮ ಅಜ್ಜಿಯಂದಿರು ನಗುತ್ತಿದ್ದರು: ಹರಳೆಣ್ಣೆಗೆ ಮದ್ಯಸಾರವನ್ನು ಕೂಡಿಸಿದ ಮಿಶ್ರಣ! ಉಳಿದ ಎಣ್ಣೆಗಳಂತಲ್ಲದೆ ಹರಳೆಣ್ಣೆಯು ಮದ್ಯಸಾರದಲ್ಲಿ ಚೆನ್ನಾಗಿ ಬೆರೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಮರದ ಹಾಲಿನಿಂದ ಮಾಡಿದ ರಬ್ಬರನ್ನು ಕೆಡಿಸುವುದಿಲ್ಲ. ಸೀಮೆಎಣ್ಣೆಯಲ್ಲಿ ಬಿದ್ದ ರಬ್ಬರಿನ ಚೂರು ಮರುದಿನ ಹೇಗೆ ಉಬ್ಬಿ ಲೊಳಕಾಗಿರುತ್ತದೆಂಬುದನ್ನು ದೀಪದ ಕಾಲದಲ್ಲಿ ಬೆಳೆದವರು ಬಲ್ಲರು. ಸಿಲಿಂಡರಿನ ಒಳಗೆಲ್ಲ ರಬ್ಬರಿನ ಬಟ್ಟಲುಗಳಿರುವುದರಿಂದ, ಭೂಮಿಯಿಂದ ತೆಗೆದ ಎಣ್ಣೆಗೆ ಅಲ್ಲಿ ಎಡೆಯಿರಲಿಲ್ಲ.

ಈಗ ಹರಳೆಣ್ಣೆಯ ಕಾಲ ಹೋಗಿದೆ. ಇಂದು ನಾವು ಬ್ರೇಕ್ ಎಣ್ಣೆಯೆನ್ನುವುದು ಬಹುಮಟ್ಟಿಗೆ ಗ್ಲೈಕಾಲ್ ಜಾತಿಯ ದ್ರವ. ಎಣ್ಣೆಯೆಂದು ಕರೆದರೂ ಅದು ನೀರಿನಲ್ಲಿ ಕರಗುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ಸುಲಿಯುತ್ತದೆ. ಗಾಳಿಯಲ್ಲಿರುವ ತೇವವನ್ನು ಉಪ್ಪಿನಂತೆ ಎಳೆದುಕೊಳ್ಳುತ್ತದೆ. ಇದಕ್ಕೆ ಒಗ್ಗುವ ರಬ್ಬರು ಇ.ಪಿ.ಡಿ.ಎಂ. ಎಂಬುದು. ಎಂಜಿನ್ನಿನ ನೀರಿನ ಕೊಳವೆಗಳನ್ನೂ ಕಾರಿನ ಬಾಗಿಲಿನ ಅಂಚುಪಟ್ಟಿಗಳನ್ನೂ ಮಾಡುವುದು ಸಾಮಾನ್ಯವಾಗಿ ಇದರಿಂದಲೇ. ಪೆಟ್ರೋಲಿನ ಕೊಳವೆಯನ್ನು ಮಾಡುವ ರಬ್ಬರು ಬೇರೆ, ಅದು ನೈಟ್ರೈಲ್. ಇವೆರಡರ ಸ್ವಭಾವವೂ ಒಂದಕ್ಕೊಂದು ವಿರುದ್ಧ. ನೈಟ್ರೈಲ್ ಪೆಟ್ರೋಲಿಗೂ ಎಂಜಿನ್ ಎಣ್ಣೆಗೂ ಜಗ್ಗುವುದಿಲ್ಲ, ಗ್ಲೈಕಾಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ; ಇ.ಪಿ.ಡಿ.ಎಂ. ಗ್ಲೈಕಾಲಿನಲ್ಲಿ ಸುಖವಾಗಿರುತ್ತದೆ, ಎಂಜಿನ್ ಎಣ್ಣೆ ಸೋಕಿದರೆ ಕೆಡುತ್ತದೆ. ಇಷ್ಟು ಬೇರೆಯಾದ ಎರಡು ವಸ್ತುಗಳು ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿ, ಒಂದೇ ಬಣ್ಣದಲ್ಲಿ, ಒಂದೇ ಅಳತೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿರುತ್ತವೆ!

ನಮ್ಮ ಪೆಟ್ಟಿಗೆಯಲ್ಲಿ ಒಂದು ಸುತ್ತು ಕಪ್ಪು ಕೊಳವೆ ಬಂದಿತ್ತು. ಅದರ ಮೈಮೇಲೆ ಒಂದಕ್ಷರವೂ ಅಚ್ಚಾಗಿರಲಿಲ್ಲ. ಪಟ್ಟಿಯಲ್ಲಿ ಬರೀ 'ಕೊಳವೆ' ಎಂದಿತ್ತು. ನಮ್ಮ ನೆರೆಯಲ್ಲಿ ಒಬ್ಬ ವೃದ್ಧರಿದ್ದಾರೆ. ಮೋಟಾರು ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದು ವಿಶ್ರಾಂತರಾದವರು. ಅವರಿಗೆ ಅದನ್ನು ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹೆಸರು ಹೇಳದವನನ್ನು ನೀವು ಮನೆಯೊಳಗೆ ಸೇರಿಸುತ್ತೀರಾ?" ಎಂದು ಕೇಳಿದರು. ಹಿಂದೆ ಯಾರೋ ಒಬ್ಬರು ಬ್ರೇಕಿನ ಡಬ್ಬಿಗೆ ಎಂಜಿನ್ ಎಣ್ಣೆಯನ್ನು ಸುರಿದು ತಂದಿದ್ದ ಗಾಡಿಯನ್ನು ಅವರು ಬಿಚ್ಚಿ ನೋಡಿದ್ದರಂತೆ. ಒಳಗಿನ ರಬ್ಬರಿನ ಬಟ್ಟಲುಗಳೆಲ್ಲ ನೆನೆದ ಹುಣಿಸೆಬೀಜದಂತೆ ಊದಿಕೊಂಡು, ಸಿಲಿಂಡರಿನಿಂದ ಹೊರಗೆ ಬಾರದೆ ಅಂಟಿದ್ದುವಂತೆ. (ಹುಣಿಸೆಬೀಜದ ಉಪಮೆ ನನ್ನದು, ಅವರು ಕೊಟ್ಟ ಉಪಮೆ ಇಲ್ಲಿ ಬರೆಯಲು ತಕ್ಕುದಲ್ಲ.)

ಮಗಳಿಗೆ ಮಾತಿಗಿಂತ ಪರೀಕ್ಷೆಯಲ್ಲಿ ನಂಬಿಕೆ ಹೆಚ್ಚು. ಅವಳು ಉಪ್ಪಿನಕಾಯಿಯ ಎರಡು ಹಳೆಯ ಗಾಜಿನ ಸೀಸೆಗಳನ್ನು ತಂದು, ಎರಡರಲ್ಲಿಯೂ ಬ್ರೇಕ್ ಎಣ್ಣೆಯನ್ನು ತುಂಬಿ, ಒಂದರಲ್ಲಿ ಹೆಸರಿಲ್ಲದ ಕೊಳವೆಯ ಚೂರನ್ನೂ ಇನ್ನೊಂದರಲ್ಲಿ ಇ.ಪಿ.ಡಿ.ಎಂ. ಎಂದು ಅಚ್ಚಾದ ಕೊಳವೆಯ ಚೂರನ್ನೂ ಮುಳುಗಿಸಿ, ಮುಚ್ಚಳ ಬಿಗಿದು, ಗ್ಯಾರೇಜಿನ ಕಿಟಕಿಯಲ್ಲಿಟ್ಟಳು. ಆರು ವಾರಗಳ ಮೇಲೆ ತೆಗೆದು ನೋಡಿದೆವು. ಅಚ್ಚಾದದ್ದು ಹಾಕಿದಂತೆಯೇ ಇತ್ತು. ಹೆಸರಿಲ್ಲದ್ದು ದಪ್ಪನಾಗಿ, ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾಗಿತ್ತು; ಅದರ ಸೀಸೆಯ ಎಣ್ಣೆ ಕಾಫಿಯ ಮೂರನೆಯ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮನೆಯಾಕೆ ಬಂದು ಎರಡನ್ನೂ ಮುಟ್ಟಿ ನೋಡಿ, "ಇದನ್ನು ತಿಳಿಯುವುದಕ್ಕೆ ಒಂದೂವರೆ ತಿಂಗಳು ಬೇಕಾಯಿತೇ? ಕಲಾಯಿಯಿಲ್ಲದ ಪಾತ್ರೆ ಅಂತ ನನ್ನನ್ನು ಕೇಳಿದ್ದರೆ ಅಂದೇ ಹೇಳುತ್ತಿದ್ದೆ" ಎಂದು ಹೇಳಿ ಹೋದಳು. ಸೀಸೆಗಳು ಮಾತ್ರ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಆ ದ್ರವ ವಿಷವಾದುದರಿಂದ ಹೋಗಲೂಬಾರದು.

ಕಣ್ಣಿಗೆ ಅಂದವಾಗಿ ಕಾಣುವ ಬೇರೆ ಕೊಳವೆಗಳೂ ಮಾರಾಟಕ್ಕಿವೆ. ಒಳಗಿನ ಎಣ್ಣೆ ಕಾಣಲೆಂದು ಪಾರದರ್ಶಕವಾದ ಪ್ಲಾಸ್ಟಿಕ್ ಕೊಳವೆಯನ್ನು ಹಾಕುವವರುಂಟು. ಗ್ಲೈಕಾಲು ಅದರ ಮೃದುತ್ವವನ್ನು ಹೀರಿಬಿಡುವುದರಿಂದ ಕಾಲಕ್ರಮದಲ್ಲಿ ಅದು ಗಡುಸಾಗಿ ಸೀಳುತ್ತದೆ. ನೀಲಿ ಕೆಂಪು ಬಣ್ಣದ ಸಿಲಿಕೋನ್ ಕೊಳವೆಗಳು ಎಂಜಿನ್ನಿನ ನೀರಿಗೆ ಚೆನ್ನ. ಆದರೆ ಸಿಲಿಕೋನ್ ರಬ್ಬರು ನೀರಿನ ಆವಿಯನ್ನು ಸುಲಭವಾಗಿ ಒಳಕ್ಕೆ ಬಿಡುತ್ತದೆ. ತೇವವನ್ನು ಕಂಡರೆ ಬಾಯಿಬಿಡುವ ಎಣ್ಣೆಗೆ ಅಂಥ ಗೋಡೆ ಸಲ್ಲದು. ತೇವದಿಂದಾಗುವ ಹಾನಿ ಅಲ್ಪವಲ್ಲ. ಡಾಟ್ ೪ ಎಂಬ ದರ್ಜೆಯ ಎಣ್ಣೆ ಹೊಸದಾಗಿರುವಾಗ ಕುದಿಯುವುದು ೨೩೦ ಡಿಗ್ರಿ ಸೆಲ್ಸಿಯಸ್ಸಿಗೆ ಕಡಿಮೆಯಿಲ್ಲದ ಉಷ್ಣದಲ್ಲಿ. ನೂರಕ್ಕೆ ಮೂರು ಮುಕ್ಕಾಲರಷ್ಟು ನೀರು ಸೇರಿದರೆ ಅದಕ್ಕೆ ನಿಯಮವು ಕೇಳುವುದು ೧೫೫ ಡಿಗ್ರಿಯನ್ನು ಮಾತ್ರ. ಎಣ್ಣೆ ಕುದಿದರೆ ಆವಿ, ಆವಿಯೆಂದರೆ ಮತ್ತೆ ಹತ್ತಿಯ ದಿಂಬು. ಈ ದರ್ಜೆಗಳಿಗೆ ಹೆಸರಿಟ್ಟವರ ಬುದ್ಧಿಯನ್ನು ಹೊಗಳಲಾರೆ. ೩, ೪, ೫.೧ ಎಂಬುವು ಗ್ಲೈಕಾಲ್ ಜಾತಿಯವು; ನಡುವಿನ ೫ ಮಾತ್ರ ಸಿಲಿಕೋನ್ ಜಾತಿ, ಉಳಿದವುಗಳೊಡನೆ ಬೆರೆಸಕೂಡದು. ಅಣ್ಣತಮ್ಮಂದಿರ ಸಾಲಿನಲ್ಲಿ ಪರರ ಮನೆಯವನನ್ನು ನಿಲ್ಲಿಸಿ, ಅವನಿಗೂ ಅದೇ ಹೆಸರನ್ನಿಟ್ಟಂತಾಯಿತು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನು ಓದಿ ಅದನ್ನೇ ಹಾಕಬೇಕು, ಬೇರೆ ಉಪಾಯವಿಲ್ಲ.

ಕೊಳವೆ ಸಿಕ್ಕಿತು. ಇನ್ನು ಅದು ಹೋಗುವ ದಾರಿ. ಇದು ನಿಜವಾಗಿ ಹೆಚ್ಚು ಕಾಲವನ್ನು ತೆಗೆದುಕೊಂಡ ಕೆಲಸ. ಮನೆಯ ಮೇಲೆ ನೀರಿನ ತೊಟ್ಟಿಯಿರುವವರಿಗೆಲ್ಲ ಒಂದು ತೊಂದರೆ ಗೊತ್ತಿರುತ್ತದೆ. ತೊಟ್ಟಿ ತುಂಬಿದೆ, ನಲ್ಲಿ ತಿರುಗಿಸಿದರೆ ಗೊರಗೊರ ಸದ್ದು, ನೀರಿಲ್ಲ. ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿದೆ ಎನ್ನುತ್ತೇವೆ. ಕೊಳಾಯಿಯವನು ಬಂದು ನೋಡಿದರೆ, ಪೈಪು ಎಲ್ಲಿಯೋ ಒಂದು ಕಡೆ ಇಳಿಯುವುದನ್ನು ಬಿಟ್ಟು ಮೇಲಕ್ಕೆ ಗೂನುಬೆನ್ನಾಗಿರುತ್ತದೆ. ಆ ಗೂನಿನಲ್ಲಿ ಗಾಳಿ ಮನೆಮಾಡಿರುತ್ತದೆ. ಬ್ರೇಕಿನ ಕೊಳವೆಗೂ ಅದೇ ಸೂತ್ರ. ಡಬ್ಬಿಯ ತಳ ಸಿಲಿಂಡರಿಗಿಂತ ಮೇಲಿರಬೇಕು. ಅಲ್ಲಿಂದ ಕೊಳವೆ ಎಡೆಬಿಡದೆ ಇಳಿಯುತ್ತಲೇ ಬರಬೇಕು. ಎಲ್ಲಿಯೂ ಗೂನಿರಬಾರದು, ಜೋಲಿಯಂತೆ ತೂಗಾಡಲೂಬಾರದು. ಸಿಲಿಂಡರಿನಿಂದ ಹೊರಟ ಗಾಳಿಯ ಗುಳ್ಳೆಯೊಂದು ಎಲ್ಲಿಯೂ ಕೆಳಕ್ಕಿಳಿಯದೆ, ಏರುತ್ತ ಏರುತ್ತ ಡಬ್ಬಿಗೆ ಬಂದು ಒಡೆಯುವಂತಿರಬೇಕು. ದಾರಿಯನ್ನು ಗೊತ್ತುಮಾಡುವಾಗ ನಾವು ಎಣ್ಣೆಯ ಕಡೆಯಿಂದ ನೋಡುವುದಕ್ಕಿಂತ ಗುಳ್ಳೆಯ ಕಡೆಯಿಂದ ನೋಡುವುದು ಲೇಸು.

ಹೇಳುವುದಕ್ಕೆ ಇಷ್ಟೆ. ಆದರೆ ಸೆವೆನ್ ಮಾದರಿಯ ಗಾಡಿಯ ಮೂಗಿನೊಳಗೆ ಬರಿಗೈ ಆಡಿಸಲೂ ಜಾಗವಿರುವುದಿಲ್ಲ. ಪೆಡಲಿನ ಗೂಡಿನ ಪಕ್ಕದಲ್ಲಿಯೇ ಸ್ಟಿಯರಿಂಗಿನ ದಂಡ ತಿರುಗುತ್ತದೆ; ಕೊಳವೆ ಅದಕ್ಕೆ ತಾಗಿದರೆ ದಿನವೂ ಸ್ವಲ್ಪ ಸ್ವಲ್ಪ ಉಜ್ಜಿಕೊಂಡು ಒಂದು ದಿನ ತೂತಾಗುತ್ತದೆ. ಆಚೆಗೆ ಎಂಜಿನ್ನಿನ ಹೊಗೆಕೊಳವೆ. ಅದರ ಕಾವಿಗೆ ರಬ್ಬರು ಒಣಗಿ ಬಿರಿಯುತ್ತದೆ, ಮೇಲಾಗಿ ತೊಟ್ಟಿಕ್ಕುವ ಬ್ರೇಕ್ ಎಣ್ಣೆ ಕಾದ ಕಬ್ಬಿಣಕ್ಕೆ ಬಿದ್ದರೆ ಹೊತ್ತಿಕೊಳ್ಳಬಲ್ಲುದು. ಡಬ್ಬಿಯನ್ನು ಎತ್ತರಿಸೋಣವೆಂದರೆ ಮುಂಭಾಗದ ಮುಚ್ಚಳ ತಲೆಗೆ ತಾಗುತ್ತದೆ. ಮಗಳು ಒಂದು ಸಂಜೆ ಸೆಣಬಿನ ಹುರಿಯನ್ನು ತಂದು, ಡಬ್ಬಿಯ ಜಾಗದಿಂದ ಸಿಲಿಂಡರಿನವರೆಗೆ ಎಳೆದು ಕಟ್ಟಿ, ಒಂದೊಂದು ದಾರಿಯನ್ನೂ ಹುರಿಯಲ್ಲಿಯೇ ನೋಡುತ್ತ ಹೋದಳು. ಹುರಿ ಎಲ್ಲಿ ತಾಗುವುದೋ ಅಲ್ಲಿಗೆ ಸೀಮೆಸುಣ್ಣದ ಗುರುತು. ಮೂರನೆಯ ಸಂಜೆಗೆ ಒಂದು ದಾರಿ ತೆರವಾಯಿತು: ತಡೆಗೋಡೆಯ ಮೇಲಂಚಿನಿಂದ ಹೊರಟು, ಬಲಮಗ್ಗುಲಿನ ಚೌಕಟ್ಟಿನ ಕೊಳವೆಯ ಜೊತೆಯಲ್ಲಿ ಇಳಿದು, ಸ್ಟಿಯರಿಂಗಿನ ದಂಡಕ್ಕೆ ನಾಲ್ಕು ಬೆರಳು ದೂರದಲ್ಲಿ ಹಾದು ಸಿಲಿಂಡರಿಗೆ ಮುಟ್ಟುವ ದಾರಿ. ಒಂದೊಂದಕ್ಕೂ ಸರಿಯಾಗಿ ಒಂದು ಮೊಳ ಹಿಡಿಯಿತು.

ಅಲ್ಲಿಯೂ ಒಂದು ತೊಡಕಿತ್ತು. ಸಿಲಿಂಡರಿನ ಮೂತಿ ನೆಟ್ಟಗೆ ಆಕಾಶವನ್ನು ನೋಡುತ್ತಿತ್ತು. ಕೊಳವೆ ಬರುವುದು ಪಕ್ಕದಿಂದ. ರಬ್ಬರನ್ನು ಅಲ್ಲಿ ಬಲವಂತವಾಗಿ ಬಗ್ಗಿಸಿದರೆ ಬಾಳೆಯೆಲೆಯ ದಂಟನ್ನು ಮುರಿದಂತೆ ಮಡಿಕೆ ಬೀಳುತ್ತದೆ, ಅದರ ಜೊತೆಗೆ ಮೂತಿಯ ಮೇಲ್ಗಡೆ ಗೂನೂ ಆಗುತ್ತದೆ. ಇದಕ್ಕೆಂದು ಮೊಣಕೈಯಂತೆ ತಿರುಗಿದ ಲೋಹದ ಮೂತಿಗಳು ಸಿಗುತ್ತವೆ, ಎರಡನ್ನು ತರಿಸಿದೆವು. ಕೆಲವು ಪೌಂಡುಗಳ ಖರ್ಚು, ಒಂದು ವಾರದ ವಿಳಂಬ. ಸೆಪ್ಟೆಂಬರು ಹತ್ತಿರವಾಗುತ್ತಿದ್ದುದರಿಂದ ಮಗಳು ಆ ವಾರವೆಲ್ಲ ಅಂಚೆಯವನ ದಾರಿಯನ್ನು ಕಾಯುತ್ತಿದ್ದಳು. "ಬಗ್ಗಿಸಿಯೇ ಹಾಕಿಬಿಡೋಣ ಅಪ್ಪಾ, ನೋಡಿ, ಹಿಡಿಯುತ್ತದೆ" ಎಂದು ಒಮ್ಮೆ ಅಂದಳು. ನಾನು ಏನೂ ಹೇಳಲಿಲ್ಲ. ಕಿಟಕಿಯಲ್ಲಿದ್ದ ಸೀಸೆಗಳ ಕಡೆ ನೋಡಿದೆ. ಅವಳು ತಾನೇ ನಕ್ಕು ಸುಮ್ಮನಾದಳು.

ಉಳಿದ ಕೆಲಸ ಒಂದು ಮಧ್ಯಾಹ್ನದ್ದು. ಕೊಳವೆಯನ್ನು ಹರಿತವಾದ ಅಲಗಿನಿಂದ ನೇರವಾಗಿ ಕತ್ತರಿಸಬೇಕು. ಗರಗಸ ಹಾಕಿದರೆ ಪುಡಿ ಒಳಗೆ ಸೇರುತ್ತದೆ. ಮೂತಿಗೆ ಜಾರಿಸುವಾಗ ಎಂಜಿನ್ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಸವರದೆ ಬ್ರೇಕ್ ಎಣ್ಣೆಯನ್ನೇ ಒಂದು ಹನಿ ಸವರಬೇಕು. ಬಿಗಿಯುವ ಕ್ಲಿಪ್ಪಿನ ವಿಷಯದಲ್ಲಿ, ತಿರುಪಿನಿಂದ ಬಿಗಿಯುವ ಗೀರುಗೀರಾದ ಪಟ್ಟಿಗಳು ನನಗೆ ಮೆಚ್ಚಿಕೆಯಿಲ್ಲ. ಅವುಗಳ ಗೀರುಗಳು ರಬ್ಬರನ್ನು ಕಚ್ಚುತ್ತವೆ, ಬಿಗಿಯುವವನಿಗೂ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಒಳಮೈ ನುಣುಪಾಗಿರುವವನ್ನೋ ಸ್ಪ್ರಿಂಗಿನಂತೆ ತಾವೇ ಅಪ್ಪಿಕೊಳ್ಳುವವನ್ನೋ ಹಾಕುವುದು ಲೇಸು. ತಗಡಿನ ತೂತಿನಲ್ಲಿ ನುಸುಳುವಲ್ಲಿ ರಬ್ಬರಿನ ಬಳೆ, ಚೌಕಟ್ಟಿಗೆ ಕಟ್ಟುವಲ್ಲಿ ರಬ್ಬರು ಹೊದಿಸಿದ ಹಿಡಿಕೆ. ಕೊಳವೆಯ ಮೇಲಿನ ಅಚ್ಚಿನ ಅಕ್ಷರಗಳು ಮೇಲ್ಮುಖವಾಗಿರುವಂತೆ ಮಗಳು ಅದನ್ನು ತಿರುಗಿಸಿ ಕೂರಿಸಿದಳು. ಮುಂದೆ ಯಾರು ಮುಚ್ಚಳ ತೆಗೆದು ನೋಡಿದರೂ ಅದು ಏನೆಂದು ಓದಿಕೊಳ್ಳಬಹುದು.

ಎಣ್ಣೆಯನ್ನು ತುಂಬಿದ ದಿನ ಮೂರನೆಯವರ ಕಾಲು ಬೇಕಾಯಿತು. ಮಗಳು ಚಕ್ರದ ಬಳಿ ತಿರುಪನ್ನು ಹಿಡಿದು ಕುಳಿತಳು, ನಾನು ಡಬ್ಬಿಯ ಬಳಿ ನಿಂತೆ, ಮನೆಯಾಕೆಯನ್ನು ಪೆಡಲಿಗೆ ಕರೆದೆವು. "ತುಳಿಯಮ್ಮ... ಹಿಡಿದುಕೊ... ಈಗ ಬಿಡು" ಎಂದು ಮಗಳು ಹೇಳಿದಂತೆ ಅವಳು ಬೀಸುವ ಕಲ್ಲಿನ ಲಯದಲ್ಲಿ ತುಳಿಯುತ್ತ ಹೋದಳು. ಮೊದಮೊದಲು ಡಬ್ಬಿಯ ತಳದಿಂದ ಗುಳ್ಳೆಗಳು ಒಂದರ ಹಿಂದೊಂದು ಎದ್ದು ಬಂದುವು. ಎಲ್ಲಿಯೂ ತಂಗದೆ, ನಾವು ಹುರಿ ಕಟ್ಟಿ ನೋಡಿದ ದಾರಿಯಲ್ಲಿಯೇ ಬಂದುವು. ಆಮೇಲೆ ವಿರಳವಾದುವು, ಆಮೇಲೆ ನಿಂತುವು. ಮನೆಯಾಕೆ ಕಾಲನ್ನು ಒತ್ತಿಯೇ ಇದ್ದು, "ಈಗ ಕಲ್ಲು ಸಿಕ್ಕಿತು" ಎಂದಳು. ಡಬ್ಬಿಯಿಂದ ತುಳುಕಿದ ನಾಲ್ಕು ಹನಿಯನ್ನು ಬಣ್ಣ ಕೆಡುವುದಕ್ಕೆ ಮೊದಲೇ ನೀರಿನಿಂದ ತೊಳೆದೆ.

ಈ ದೇಶದಲ್ಲಿ ಮನೆಯಲ್ಲಿ ಕೂಡಿಸಿದ ಗಾಡಿಯನ್ನು ರಸ್ತೆಗಿಳಿಸುವ ಮುನ್ನ ಸರಕಾರದ ಪರೀಕ್ಷೆಗೆ ಒಪ್ಪಿಸಬೇಕು. ಇಂಡಿವಿಜುಯಲ್ ವೆಹಿಕಲ್ ಅಪ್ರೂವಲ್ ಎಂಬ ಈಗಿನ ಕ್ರಮ ೨೦೦೯ರಿಂದ ನಡೆದುಬಂದಿದೆ. ಪರೀಕ್ಷಕರು ಗಾಡಿಯ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕಿನ ಬಲವನ್ನು ಅಳೆದರು. ದೀಪವನ್ನು ಹಿಡಿದು ಕೊಳವೆಯ ಉದ್ದಕ್ಕೂ ನೋಡಿದರು, ಮೇಲಿನ ಅಕ್ಷರಗಳನ್ನು ಓದಿದರು, ಮುಂದಕ್ಕೆ ಹೋದರು. ಆಗಸ್ಟಿನ ಕೊನೆಯ ವಾರದಲ್ಲಿ ಗಾಡಿಗೆ ನಂಬರು ಬಂದಿತು.

ಷರತ್ತಿನಂತೆ ಮನೆಯಾಕೆ ಮೊದಲು ಕುಳಿತಳು. ಊರಾಚೆಯ ಬರಿದಾದ ರಸ್ತೆಯಲ್ಲಿ, ಹಿಂದೆ ಯಾವ ಗಾಡಿಯೂ ಇಲ್ಲವೆಂದು ತಾನೇ ತಿರುಗಿ ನೋಡಿಕೊಂಡು, "ಈಗ ನಿಲ್ಲಿಸಿ" ಎಂದಳು. ನಿಲ್ಲಿಸಿದೆ. ಎರಡನೆಯ ಸಲ ಇನ್ನೂ ಸ್ವಲ್ಪ ವೇಗದಲ್ಲಿ, ಮೂರನೆಯ ಸಲ ಇಳಿಜಾರಿನಲ್ಲಿ. ಆಮೇಲೆ ಸೆರಗನ್ನು ಸರಿಪಡಿಸಿಕೊಂಡು, "ಮನೆಗೆ ಹೋಗೋಣ, ಅವಳು ಕಾಯುತ್ತಿರುತ್ತಾಳೆ" ಎಂದಳು. ಮನೆಯ ಮುಂದೆ ಇಳಿದು ಮಗಳಿಗೆ ಆಸನವನ್ನು ತೋರಿಸಿ ಒಳಕ್ಕೆ ಹೋದಳು.

ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಬದಲಾಯಿಸತಕ್ಕದ್ದು. ಆಗ ಕೊಳವೆಯನ್ನೂ ಎರಡು ಬೆರಳಿನಿಂದ ಒತ್ತಿ, ಬಗ್ಗಿಸಿ, ಬಿರುಕುಂಟೇ ಎಂದು ನೋಡತಕ್ಕದ್ದು. ಮೋಟಾರು ಸೈಕಲ್ಲಿನವರೂ ಇದನ್ನು ಮಾಡಬಹುದು, ಅರ್ಧ ಗಂಟೆಯ ಕೆಲಸ. ನಮ್ಮಲ್ಲಿ ಕೊಳವೆ ಒಂದು ಗೇಣು ಉಳಿದಿತ್ತು. ಬಟ್ಟೆ ಒಗೆಯುವ ಕಲ್ಲಿನ ಬಳಿಯ ನಲ್ಲಿಗೆ ಸರಿಯಾಗುತ್ತದೆಂದು ಮನೆಯಾಕೆ ಕೇಳಿದಳು. ಮಗಳು ಕೊಡಲಿಲ್ಲ. ಹೊರಡುವ ಹಿಂದಿನ ದಿನ ಅದಕ್ಕೆ ಒಂದು ಚೀಟಿಯನ್ನು ಕಟ್ಟಿ, ಅದರ ಮೇಲೆ 'ಬ್ರೇಕ್ ಎಣ್ಣೆಗೆ ಮಾತ್ರ' ಎಂದು ದಪ್ಪ ಅಕ್ಷರಗಳಲ್ಲಿ ಬರೆದು, ಗ್ಯಾರೇಜಿನ ಮೊಳೆಗೆ ತೂಗುಹಾಕಿ ಹೋದಳು.